ಲತೀಫ್ ಸಾಹೇಬರ ಕೇರಂ ಜೋಡಿ

ಕೇರಂ ಬೋರ್ಡಿನ ಮುಂದೆ ಕೂತವರು ಬಾಯಿ ಬಿಡಬಾರದು ಎನ್ನುವುದು ಲತೀಫ್ ಸಾಹೇಬರ ಕಾನೂನು. ಶಿವಾಜಿನಗರದಲ್ಲಿ ನಲವತ್ತು ವರ್ಷ ಹೊಲಿಗೆ ಮಷೀನು ರಿಪೇರಿ ಮಾಡಿದ ಮನುಷ್ಯ. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಹರಟೆಗೆ ಕೂತರೆ ಊಟದ ಹೊತ್ತೂ ಮರೆಯುವಂಥವರು. ಆದರೆ ಭಾನುವಾರ ಮಧ್ಯಾಹ್ನ ಸ್ಟೂಲಿನ ಮೇಲೆ ಬೋರ್ಡ್ ಏರಿತೆಂದರೆ ಮನೆ ಪರೀಕ್ಷಾ ಕೊಠಡಿಯಾಗಬೇಕು. ಎದುರು ಕೂತ ಜೊತೆಗಾರನಿಗೆ ‘ಆ ಕರಿ ಕಾಯಿ ಹೊಡಿ’ ಎಂದು ಪಿಸುಗುಟ್ಟಿದರೂ ಬೆರಳಿನ ಗೆಣ್ಣಿಗೆ ಏಟು. ಹರೆಯದಲ್ಲಿ ಗಲ್ಲಿಯ ಟೂರ್ನಮೆಂಟುಗಳಿಗೆ ಅಂಪೈರ್ ಆಗಿದ್ದವರು. ಆ ಗತ್ತು ಮಾತ್ರ ಇಳಿದಿರಲಿಲ್ಲ.

ಹೆಂಡತಿ ಶಂಶುನ್ನೀಸಾ ಈ ಕಾನೂನಿಗೆ ಸೊಪ್ಪು ಹಾಕುತ್ತಿರಲಿಲ್ಲ. ಅಡುಗೆಮನೆಯಿಂದಲೇ ಹಿರಿಯ ಮಗ ಮೊಹ್ಸಿನ್‌ನನ್ನು ಛೇಡಿಸುತ್ತಿದ್ದರು, ಕಿರಿಯವ ಅಫ್ತಾಬನ ಪರ ವಕಾಲತ್ತು ವಹಿಸುತ್ತಿದ್ದರು. ಗಂಡ ಗುರುಗುಟ್ಟಿದಷ್ಟೂ ಮಕ್ಕಳು ನಗುತ್ತಿದ್ದರು. ಆ ಮನೆಯ ಮಾತೆಲ್ಲ ಆಕೆಯದೇ ಎನ್ನುವುದು ಸಾಹೇಬರಿಗೆ ಆಗ ಹೊಳೆಯಲಿಲ್ಲ. ಹೊಳೆಯುವ ಹೊತ್ತಿಗೆ ಕಾಲ ಮೀರಿತ್ತು.

ಎರಡು ವರ್ಷದ ಹಿಂದೆ ಆಕೆಯ ಎರಡೂ ಕಿಡ್ನಿ ಕೈಕೊಟ್ಟವು. ಆಸ್ಪತ್ರೆಯಲ್ಲಿ ಅಫ್ತಾಬನ ಕೈ ಹಿಡಿದು, ಮನೆಗೆ ಕರೆದುಕೊಂಡು ಹೋಗು, ನನ್ನ ಮಂಚದ ಮೇಲೇ ಮಲಗುತ್ತೇನೆ ಎಂದು ಬೇಡಿಕೊಂಡಿದ್ದರು. ಡಾಕ್ಟರು ಇನ್ನೂ ಕೈಬಿಟ್ಟಿಲ್ಲ, ಐಸಿಯುನಲ್ಲೇ ಇರಲಿ ಎಂದು ಮೊಹ್ಸಿನ್ ಹಟ ಹಿಡಿದ. ಹಿರಿಯ ಮಗನ ಮಾತೇ ನಡೆಯಿತು. ನಾಲ್ಕನೆಯ ದಿನ ಆಕೆ ಗಾಜಿನ ಬಾಗಿಲಿನ ಆಚೆ, ಮನೆಯವರೊಬ್ಬರ ಮುಖವನ್ನೂ ನೋಡದೆ ಹೋಗಿಬಿಟ್ಟರು. ಕಬರಸ್ತಾನದಿಂದ ಬಂದ ಅಫ್ತಾಬ್ ಅಣ್ಣನ ಜೊತೆ ಮಾತು ಬಿಟ್ಟ. ಮೊಹ್ಸಿನ್ ಒಂದಷ್ಟು ದಿನ ಫೋನ್ ಮಾಡಿ ನೋಡಿದ, ಆಮೇಲೆ ಅವನಿಗೂ ರೋಷ ಬಂತು. ಒಬ್ಬ ಬಾಣಸವಾಡಿಯಲ್ಲಿ ಉಳಿದ, ಇನ್ನೊಬ್ಬ ಟಿನ್ ಫ್ಯಾಕ್ಟರಿ ಹತ್ತಿರ ಮನೆ ಮಾಡಿದ.

ತಾವು ಕಣ್ಣು ಮುಚ್ಚುವ ಮೊದಲು ಇವರಿಬ್ಬರ ನಡುವೆ ಒಂದು ಮಾತಾದರೂ ಹುಟ್ಟಬೇಕು. ಲತೀಫ್ ಸಾಹೇಬರಿಗೆ ಉಳಿದಿದ್ದು ಅದೊಂದೇ ಆಸೆ. ಬುದ್ಧಿ ಹೇಳಿದರು, ಬೈದರು, ಹಳೆಯ ಸ್ನೇಹಿತ ಕರೀಂ ಅವರಿಂದಲೂ ಹೇಳಿಸಿದರು. ಯಾವುದೂ ನಾಟಲಿಲ್ಲ. ಕೊನೆಗೆ ಅಟ್ಟದ ಮೇಲಿದ್ದ ಕೇರಂ ಬೋರ್ಡ್ ಇಳಿಸಿ, ಭಾನುವಾರ ಇಬ್ಬರೂ ಬರಲೇಬೇಕು ಎಂದು ಹುಕುಂ ಹೊರಡಿಸಿದರು. ತಾವೂ ಮಗಳು ಫಾಯಿಜಾಳೂ ಒಂದು ಜೋಡಿ, ಅಣ್ಣತಮ್ಮ ಇನ್ನೊಂದು ಜೋಡಿ. ಎದುರುಬದುರು ಕೂತು ಒಂದೇ ಬಣ್ಣದ ಕಾಯಿ ಹೊಡೆಯುವವರು ಎಷ್ಟು ದಿನ ತಾನೇ ಬಿಗಿದುಕೊಂಡಿರುತ್ತಾರೆ?

ಅಪ್ಪನ ಮಾತು ತೆಗೆದುಹಾಕುವ ಮಕ್ಕಳಲ್ಲ, ಬಂದರು. ಆಡಿದರು ಕೂಡ, ಅದೆಂಥ ಆಟ. ಮೊಹ್ಸಿನ್ ಮೂಲೆಗೆ ಸರಿಸಿಟ್ಟ ಕಾಯಿಯನ್ನು ಅಫ್ತಾಬ್ ತನ್ನ ಸರದಿಯಲ್ಲಿ ಮೆಲ್ಲಗೆ ಒಳಗೆ ತಟ್ಟುತ್ತಿದ್ದ. ಅಫ್ತಾಬ್ ದಾರಿ ಬಿಡಿಸಿಕೊಟ್ಟರೆ ಮೊಹ್ಸಿನ್ ಕೆಂಪು ಕಾಯಿ ಹಾಕಿ, ಅದರ ಬೆನ್ನಿಗೇ ಇನ್ನೊಂದು ಕಾಯಿ ಬೀಳಿಸಿ ಕವರ್ ಕೂಡ ಮಾಡುತ್ತಿದ್ದ. ಇಷ್ಟಾದರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗೆದ್ದರು, ಚಹಾ ಕುಡಿದರು, ಅಪ್ಪನಿಗೆ ಸಲಾಂ ಹೇಳಿದರು. ಒಬ್ಬನ ಬೈಕಿನ ಸದ್ದು ಗಲ್ಲಿ ದಾಟುವವರೆಗೆ ಇನ್ನೊಬ್ಬ ಮೆಟ್ಟಿಲು ಇಳಿಯಲಿಲ್ಲ.

ಹೀಗೇ ಏಳು ಭಾನುವಾರ ಕಳೆದವು. ಎಂಟನೆಯ ವಾರ ಸಾಹೇಬರಿಗೆ ತಡೆಯಲಾಗಲಿಲ್ಲ. ತಮ್ಮ ಸರದಿ ಮುಗಿಸಿ ಸ್ಟ್ರೈಕರನ್ನು ಮೊಹ್ಸಿನ್‌ನ ಮುಂದಿಟ್ಟರು.

“ಇವತ್ತು ಮಾತಾಡ್ಕೊಂಡು ಆಡ್ರಪ್ಪ. ಯಾವ ಕಾಯಿ ಹೊಡೀತೀಯಾ ಅಂತ ನಿಮ್ಮಣ್ಣನ್ನ ಕೇಳೋ, ಅಫ್ತಾಬ್.”

ಅಫ್ತಾಬ್ ತಲೆ ಎತ್ತಲಿಲ್ಲ. “ಕೇಳೋದೇನಿದೆ ಅಬ್ಬಾ. ಅವರು ಏನ್ ಹೊಡೀತಾರೆ ಅಂತ ನಂಗೊತ್ತು.”

ಭಾಯಿ ಎನ್ನುತ್ತಿದ್ದ ಬಾಯಲ್ಲಿ ಈಗ ‘ಅವರು’. ಮೊಹ್ಸಿನ್ ಏನೂ ಕೇಳಿಸದವನಂತೆ ಗುರಿ ಇಟ್ಟು ಹೊಡೆದ. ಅಫ್ತಾಬ್ ಎಣಿಸಿದ್ದೂ ಅದೇ ಕಾಯಿ ಇರಬೇಕು, ನೇರ ಒಳಗೆ ಬಿತ್ತು. ಫಾಯಿಜಾ ಚಹಾ ಇಡುವ ನೆಪದಲ್ಲಿ ಎದ್ದು ಹೋದಳು. ಸಾಹೇಬರು ಬೋರ್ಡಿನ ಅಂಚಿನಲ್ಲಿದ್ದ ಮಕ್ಕಳ ಬೆರಳುಗಳನ್ನೇ ನೋಡಿದರು. ಮಾತಿಲ್ಲದೆ ಜೊತೆಯಲ್ಲಿರುವುದನ್ನು ಇವರಿಗೆ ಬೇರಾರೂ ಕಲಿಸಿರಲಿಲ್ಲ. ಎಳೆಯ ಬೆರಳುಗಳಿಗೆ ಹೊಡೆದು ಹೊಡೆದು ತಾವೇ ಕಲಿಸಿದ್ದರು, ಮಕ್ಕಳು ಚೆನ್ನಾಗಿಯೇ ಕಲಿತಿದ್ದರು.

ಆದರೂ ಮನಸ್ಸು ಕೇಳಬೇಕಲ್ಲ. ಕೊನೆಯದಾಗಿ ಒಂದು ಸುಳ್ಳು ಹೂಡಿದರು.

“ಮುಂದಿನ ವಾರದಿಂದ ಆಟ ಬೇಡ ಬಿಡಿ. ಸೊಂಟ ಹಿಡ್ಕೊಳುತ್ತೆ, ಕೂತ್ಕೊಳಕ್ಕಾಗ್ತಿಲ್ಲ.”

ಯಾಕಬ್ಬಾ, ನಾವು ಬರ್ತೀವಿ ಎಂದು ಒಬ್ಬನಾದರೂ ಹೇಳಲಿ ಎಂದು ಕಾದರು. ಇಬ್ಬರೂ ಒಮ್ಮೆಗೇ ತಲೆ ಎತ್ತಿದರು. ಎರಡು ವರ್ಷದಲ್ಲಿ ಮೊದಲ ಸಲ ಅಣ್ಣತಮ್ಮ ಮುಖ ಮುಖ ನೋಡಿಕೊಂಡರು. ಶಾಲೆಗೆ ರಜೆ ಎಂದು ತಿಳಿದ ಹುಡುಗರಿಗೆ ಆಗುವಂಥ ನಿರಾಳ ಇಬ್ಬರ ಮುಖದ ಮೇಲೂ ಇತ್ತು.

“ಆಯ್ತಬ್ಬಾ,” ಎಂದರು, ಇಬ್ಬರೂ ಒಟ್ಟಿಗೆ.