ಬಾತುಗಳ ಹುಲ್ಲುಹಾಸಿಗೆ

ನನ್ನ ನಾದಿನಿಯನ್ನು ಬೀದಿಯವರೆಲ್ಲ ಚೊಕ್ಕಮ್ಮ ಎಂದೇ ಕರೆಯುತ್ತಿದ್ದರು. ಅವಳ ಮನೆಯ ನೆಲಕ್ಕೆ ಬಿದ್ದ ಅಗುಳನ್ನು ಎತ್ತಿ ಬಾಯಿಗೆ ಹಾಕಿಕೊಳ್ಳಬಹುದಿತ್ತು. ಅಂಥವಳು ಹಿತ್ತಲಲ್ಲಿ ಬಾತುಕೋಳಿ ಸಾಕಲು ಹೊರಟಾಗ ಅವಳ ಗಂಡ, ಮರಗೆಲಸದವನು, "ಇನ್ಮೇಲೆ ಅವಕ್ಕೂ ಕಾಲೊರಸ್ಕೊಂಡು ಬನ್ನಿ ಅಂತಾಳೆ ನೋಡಕ್ಕ" ಎಂದು ನಗಾಡಿದ. ನಗಾಡಿದರೂ ಸುತ್ತ ಹಲಗೆ ಹೊಡೆದು, ನಮ್ಮ ಮನೆ ಕಡೆಗೊಂದು ಜಾಲರಿ ಕಿಂಡಿ ಬಿಟ್ಟು ಆಳೆತ್ತರದ ಗೂಡು ಕಟ್ಟಿಕೊಟ್ಟ. ಅವಳಿಗೋ ಆ ಬಾತುಗಳೆಂದರೆ ಪ್ರಾಣ.

ಬಾತುಗಳು ನೀರು ಕುಡಿಯುವುದಕ್ಕಿಂತ ಚೆಲ್ಲುವುದೇ ಹೆಚ್ಚು. ಗೂಡಿನ ನೆಲವೆಲ್ಲ ಕೆಸರಾಯಿತು. ಜಲ್ಲಿ ಹಾಕಿಸಿದಳು, ಚೂಪುಕಲ್ಲು ಚುಚ್ಚಿ ಅವುಗಳ ಅಂಗಾಲು ಊದಿದವು. ಮರಳು ಹಾಕಿಸು, ನೀರು ಇಂಗುತ್ತದೆ ಎಂದೆ.

"ಮರಳಲ್ಲಿ ಹಿಕ್ಕೆ ಎದ್ದು ಕಾಣುತ್ತೆ ಅತ್ತಿಗೆ. ನೋಡ್ದೋರು ಏನಂದಾರು?"

ಕಡೆಗೆ ಒಣಹುಲ್ಲು ಹಾಸಿದಳು. ದಿನಾ ಬೆಳಿಗ್ಗೆ ಒದ್ದೆಯಾದ ಕಡೆ ಇನ್ನೊಂದು ಹಿಡಿ ಹೊಸ ಹುಲ್ಲು. ನೋಡಲು ಮದುವೆಮನೆ ಜಮಖಾನದ ಹಾಗಿತ್ತು.

"ಕೆಳಗಿನ್ದು ತೆಗೀಬೇಡ್ವೇನೆ?"

"ಮೇಲೆ ಒಣಗಿದ್ರೆ ಆಯ್ತಲ್ಲ, ಬಿಡಿ."

ಹಾಸಿಗೆ ಏರುತ್ತಾ ಹೋಯಿತು. ಮೊದಲು ನಮ್ಮಿಬ್ಬರ ಹಿತ್ತಲ ನಡುವಿನ ಮೋಟುಗೋಡೆಯಾಚೆ ಬಾತುಗಳ ಸದ್ದಷ್ಟೇ ಕೇಳಿಸುತ್ತಿತ್ತು. ಆಮೇಲೆ ನನ್ನ ಅಡುಗೆಮನೆ ಕಿಟಕಿಗೆ ಅವುಗಳ ತಲೆ ಕಂಡವು, ಆಮೇಲೆ ಕತ್ತು. ಬಾತು ಬೆಳೆಯುತ್ತಿರಲಿಲ್ಲ, ನೆಲ ಬೆಳೆಯುತ್ತಿತ್ತು. ಒಮ್ಮೆ ಒಳಗೆ ಕಾಲಿಟ್ಟೆ. ಚಳಿಗಾಲದ ಬೆಳಿಗ್ಗೆ, ಹುಲ್ಲು ಮಾತ್ರ ಜ್ವರ ಬಂದ ಮೈಯಂತೆ ಬಿಸಿಯಾಗಿತ್ತು. ಆ ಹೊತ್ತಿಗೆ ಅವಳಿಗೆ ಒಣಕೆಮ್ಮು ಹತ್ತಿತ್ತು.

ಒಂದು ದಿನ ಹಿತ್ತಲಲ್ಲಿ ಸದ್ದೇ ಇಲ್ಲ. ಹೋಗಿ ನೋಡಿದರೆ ಬಾತುಗಳೆಲ್ಲ ನೀರಿನ ತೊಟ್ಟಿಯೊಳಗೆ ಒತ್ತೊತ್ತಾಗಿ ನಿಂತಿದ್ದವು. ಒಂದೂ ಹುಲ್ಲಿಗೆ ಕಾಲಿಡಲೊಲ್ಲದು. ಕೆಲವು ಕೊಕ್ಕು ತೆರೆದು ಕತ್ತು ಚಾಚಿ ಉಸಿರೆಳೆಯುತ್ತಿದ್ದವು. ಮೂಲೆಯ ಹುಲ್ಲಿನ ಮೇಲೆ ಒಂದು ಸತ್ತು ಬಿದ್ದಿತ್ತು. ಗುದ್ದಲಿಯಿಂದ ಹುಲ್ಲು ಮೀಟಿದೆ. ಕೆಳಗೆಲ್ಲ ಬಿಳಿ ಬೂಷ್ಟು, ಹೊಗೆಯಂತೆ ಎದ್ದಿತು.

"ಮುಚ್ಚಿ ಅತ್ತಿಗೆ, ಯಾರಾದ್ರೂ ನೋಡ್ತಾರೆ!" ಎಂದಳು.

"ಹಾಳಾಗ್ಲಿ ನಿನ್ನ ಯಾರಾದ್ರೂ! ಗಂಡ ಬರ್ಲಿ, ಬಾಗಿಲು ತೆಗೆದಿಟ್ಟು ಎತ್ತಿಸೋಣ. ನೀನು ಮೊದ್ಲೇ ಕೆಮ್ತಿದೀಯ."

ಬಾತುಗಳನ್ನು ನಮ್ಮ ಹಿತ್ತಲಿಗೆ ಅಟ್ಟಿಕೊಂಡು ಬಂದೆ. ಅಷ್ಟರಲ್ಲಿ ಅವಳು ಗೂಡಿನೊಳಗೆ ಹೋಗಿ, ಕೊಳಕು ಯಾರಿಗೂ ಕಾಣದಂತೆ ಚಿಲಕ ಹಾಕಿಕೊಂಡಿದ್ದಳು. ಕೂಗಿದೆ, ತೆಗೆಯಲಿಲ್ಲ. ಒಳಗೆ ಗುದ್ದಲಿಯ ಸದ್ದು, ಕೆಮ್ಮು. ಆಮೇಲೆ ಬರೀ ಕೆಮ್ಮು. ಆಮೇಲೆ ಅದೂ ನಿಂತಿತು. ಬಾತುಗಳೆಲ್ಲ ಕತ್ತೆತ್ತಿ ಆ ಕಡೆಗೇ ನೋಡುತ್ತಿದ್ದವು. ಬಾಗಿಲು ಒದ್ದು ಮುರಿದು ಅವಳನ್ನು ಹೊರಗೆ ಎಳೆದುಕೊಂಡೆ. ಬೂಷ್ಟಿನ ಪುಡಿ ಕೂತು ರೆಪ್ಪೆಯೆಲ್ಲ ಬೆಳ್ಳಗಾಗಿತ್ತು.

ಜೀವ ಉಳಿಯಿತು, ಉಸಿರು ಮಾತ್ರ ಮೊದಲಿನಂತಾಗಲಿಲ್ಲ. ಗಂಡ ಗೂಡಿಗೆ ದಪ್ಪ ಮರಳು ಹಾಕಿಸಿದ. ಹಿಕ್ಕೆಯನ್ನು ದಿನಾ ಅವನೇ ಗೋರುತ್ತಾನೆ. ಉಳಿದ ಬಾತುಗಳು ಚೆನ್ನಾಗಿವೆ. ಅವಳು ಹಿತ್ತಲ ಬಾಗಿಲು ತೆರೆಸಿ ಕುರ್ಚಿಯಲ್ಲಿ ಕೂರುತ್ತಾಳೆ. ಎದೆಯೊಳಗಿಂದ ಒಣಹುಲ್ಲು ತುಳಿದ ಸದ್ದು ಬರುತ್ತಿರುತ್ತದೆ.

"ಕೆಳಗೆ ಕೆದಕಿ ನೋಡಿದ್ರಾ ಅತ್ತಿಗೆ?" ಎನ್ನುತ್ತಾಳೆ.

"ನೋಡ್ದೆ ಕಣೆ, ಒಣಗಿದೆ."

ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು ಮತ್ತೆ ಹೇಳುತ್ತಾಳೆ: "ಇನ್ನೊಂದ್ಸಲ ನೋಡಿ."