ಸೇಡಂ ಮನೆಯ ಮೆಟ್ಟಿಲ ಕಲ್ಲು

ಶಹಾಬಾದದ ಗುರುಲಿಂಗಪ್ಪನವರ ಹೆಸರು ತೆಗೆದರೆ ಮೊಮ್ಮಕ್ಕಳಿಗೆ ಇಂದಿಗೂ ಮೊದಲು ನಗು ಬರುತ್ತದೆ. ಮುತ್ಯಾ ಯಾರ ಮನೆಗೆ ಹೋದರೂ ಮನೆಯವರ ಮುಖ ನೋಡುವ ಮೊದಲು ನೆಲ ನೋಡುತ್ತಿದ್ದರು. ಕನ್ನಡ ನಾಡು ಒಂದಾದ ವರ್ಷ ರೈಲು ಹಳಿಯ ಮಗ್ಗುಲಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರ ಶುರು ಮಾಡಿ, ಇಪ್ಪತ್ತು ವರ್ಷ ನಡೆಸಿ, ಮಗನಿಗೆ ಒಪ್ಪಿಸಿದ್ದರು. ವ್ಯಾಪಾರ ಬಿಟ್ಟರೂ ಕಲ್ಲು ಬಿಡಲಿಲ್ಲ. ಬೆರಳ ಗಿಣ್ಣಿನಿಂದ ಬಡಿದು ಕಿವಿಗೊಟ್ಟರೆ ಕಲ್ಲು ಗಟ್ಟಿಯೋ, ಒಳಗೆ ಬಿರಿದಿದೆಯೋ ಹೇಳುತ್ತಿದ್ದರು. ಲಿಂಗಪೂಜೆಗೆ ಕೂತಲ್ಲೂ ನೆಲವನ್ನೊಮ್ಮೆ ಬಡಿದೇ ಕಣ್ಣು ಮುಚ್ಚುತ್ತಾರೆ ಎಂದು ಹೆಂಡತಿ ವಿಮಲಾಬಾಯಿ ಹೇಳುತ್ತಿದ್ದರು.

ಎಪ್ಪತ್ತೇಳನೆಯ ಇಸವಿಯ ಬೇಸಿಗೆಯಲ್ಲಿ ಮೊಮ್ಮಗಳು ಅಮೃತಾಳಿಗೆ ಸೇಡಂನಿಂದ ಸಂಬಂಧ ಬಂತು. ಹುಡುಗ ಸಾಲಿ ಮಾಸ್ತರ, ಜಗದೇವಪ್ಪನವರ ಮಗ. ಚಿತ್ತಾಪುರದ ಒಂದು ಲಗ್ನದಲ್ಲಿ ಅಮೃತಾ ಕೂತ ಪಂಕ್ತಿಗೆ ಅವನೇ ತುಪ್ಪ ಬಡಿಸಿದ್ದ. ಸಾಕು ಅಂದರೂ ಅವಳ ಎಲೆಗೆ ಇನ್ನೊಂದು ಚಮಚ ಹಾಕಿದ್ದ. ಅಮೃತಾ ಇದನ್ನು ಆಯಿ ವಿಮಲಾಬಾಯಿಗೆ ಮಾತ್ರ ಹೇಳಿ, ಹೇಗಾದರೂ ಇದು ಕೂಡಿ ಬರಲಿ ಎಂದಿದ್ದಳು. ಆದ್ದರಿಂದ ಮನೆತನ ನೋಡಲು ಹೊರಟಾಗ ವಿಮಲಾಬಾಯಿ ರೈಲು ವಾಡಿ ಸ್ಟೇಶನ್ ದಾಟುವುದರೊಳಗೆ ಗಂಡನಿಗೆ ನಾಲ್ಕು ಸಲ ತಾಕೀತು ಮಾಡಿದರು: ಅಲ್ಲಿ ಹುಡುಗನನ್ನು ನೋಡಬೇಕು, ನೆಲವನ್ನಲ್ಲ. ಗುರುಲಿಂಗಪ್ಪನವರು ನಾಲ್ಕು ಸಲವೂ ಹೂಂ ಅಂದರು.

ಜಗದೇವಪ್ಪನವರ ಮನೆಯ ಮೆಟ್ಟಿಲಲ್ಲೇ ವಿಮಲಾಬಾಯಿ ಎಡವಿದರು. ಕಲ್ಲು ಸಿಪ್ಪೆ ಎದ್ದು ಅಂಚು ಮೇಲೆ ಬಂದಿತ್ತು. ಹಿಂದೆ ಬಂದ ಗುರುಲಿಂಗಪ್ಪನವರು ಒಳಗೆ ಹೋಗಲೇ ಇಲ್ಲ. ಹೊಸ ಧೋತರದಲ್ಲೇ ಕುಕ್ಕರಗಾಲಲ್ಲಿ ಕೂತು ಬಡಿದರು, ಸವರಿದರು, ಮೂಲೆಯ ಮಣ್ಣು ಕೆರೆದರು. ಅಲ್ಲಿ ಎರಡು ಗೀರು ಕಂಡವು. ಅದು ಅವರದೇ ಅಂಗಡಿಯ ಗುರುತು.

ಜಗದೇವಪ್ಪನವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಯಾಕ್ರಿ, ವರ ನೋಡ್ಲಿಕ್ಕ ಬಂದೀರೋ, ನಮ್ಮ ಮನಿ ಖರೀದಿ ಮಾಡ್ಲಿಕ್ಕ ಬಂದೀರೋ?"

"ಈ ಕಲ್ಲು ಭಾಳ ಖರಾಬ ಅದರಿ," ಅಂದರು ಗುರುಲಿಂಗಪ್ಪನವರು. "ಇದನ್ನ ಬದಲಿ ಮಾಡದ ನಾ ಒಳಗ ಕಾಲಿಡಂಗಿಲ್ಲ."

ಕಲ್ಲು ತಮ್ಮದೆಂದು ಹೇಳುವ ಮೊದಲೇ ಖರಾಬ ಅಂದುಬಿಟ್ಟಿದ್ದರು. ಜಗದೇವಪ್ಪನವರ ಮುಖ ಬಿಗಿಯಿತು. ತಮ್ಮ ಮನೆಯ ಕಲ್ಲು ತಾವು ನೋಡಿಕೊಳ್ಳುತ್ತೇವೆ ಎಂದು ಒಳಗೆ ನಡೆದರು. ಚಹಾ ಬರಲಿಲ್ಲ. ಮರಳಿ ಬರುವಾಗ ರೈಲಿನಲ್ಲಿ ವಿಮಲಾಬಾಯಿ ಗಂಡನಿಗೆ ಬೆನ್ನು ಮಾಡಿ ಕೂತರು. ಮನೆಯಲ್ಲಿ ಅಮೃತಾ ಆಯಿಯ ಮುಖ ನೋಡಿ, ಏನೂ ಕೇಳದೆ ರೊಟ್ಟಿ ಬಡಿಯಲು ಕೂತಳು. ಅವತ್ತು ಅವಳ ರೊಟ್ಟಿ ಒಂದೂ ಉಬ್ಬಲಿಲ್ಲ.

ನಾಲ್ಕನೆಯ ದಿನ ಗುರುಲಿಂಗಪ್ಪನವರು ಮಗನ ರಾಶಿಯಲ್ಲಿ ಮೂವತ್ತು ಕಲ್ಲು ಬಡಿದು ಒಂದನ್ನು ಆರಿಸಿದರು. ಕಲ್ಲು ಕೂಡಿಸುವ ಗೌಂಡಿ ಬಾಬುಮಿಯಾನನ್ನು ಕರೆದುಕೊಂಡು, ಕಲ್ಲನ್ನು ರೈಲಿನ ಗಾರ್ಡಿನ ಡಬ್ಬಿಯಲ್ಲಿ ಹಾಕಿಸಿ ಸೇಡಂಗೆ ಹೊರಟರು. ಇನ್ನೇನು ಕೆಡಿಸಿ ಬರುತ್ತಾರೋ ಎಂದು ವಿಮಲಾಬಾಯಿಯೂ ಬೆನ್ನು ಹತ್ತಿದರು.

ಮನೆಯ ಮುಂದೆ ಎತ್ತಿನ ಗಾಡಿಯಿಂದ ಕಲ್ಲು ಇಳಿಯುವುದನ್ನು ಕಂಡು ಜಗದೇವಪ್ಪನವರು ಹೊರಗೆ ಬಂದರು.

"ಹುಡುಗಿ ಕೊಡೋದು ಬಿಡೋದು ಬ್ಯಾರೆ ಮಾತ್ರಿ," ಅಂದರು ಗುರುಲಿಂಗಪ್ಪನವರು. "ಆ ಕಲ್ಲು ನಂದು. ಗಣಿ ಮ್ಯಾಲಿನ ಪದರಿಂದು, ಸಿಪ್ಪಿ ಏಳ್ತದ. ಅರವತ್ತೊಂದರಾಗ ಯಾರೋ ಗುತ್ತೇದಾರಗ ಕಳಿಸಿದ್ದೆ, ಕಳಿಸಬಾರದಿತ್ತು. ಹದಿನಾರು ವರ್ಷ ನಿಮ್ಮನಿ ಮಂದಿನ ಎಡವಿಸೀನಿ. ಇದೊಂದು ಕೂಡಿಸಿ ಹೋಗ್ತೀನಿ."

ಜಗದೇವಪ್ಪನವರು ಹಳೆಯ ಕಲ್ಲನ್ನೊಮ್ಮೆ, ಹೊಸದನ್ನೊಮ್ಮೆ ನೋಡಿ, ಮಗನನ್ನು ಕರೆದು ನೀರು ತರಲು ಹೇಳಿದರು. ಮಾಸ್ತರ ನೀರು ತಂದವನು ಅಲ್ಲೇ ಕೂತು ಸುಣ್ಣದ ಗಚ್ಚು ಕಲಸಿದ. ಮೊಣಕೈವರೆಗೆ ಬೆಳ್ಳಗಾದ ಅವನನ್ನು ವಿಮಲಾಬಾಯಿ ಕಣ್ತುಂಬ ನೋಡಿದರು.

ಹಳೆಯದು ಎದ್ದು ಹೊಸ ಕಲ್ಲು ಕೂತಿತು. ಆದರೆ ಗಚ್ಚು ಬಿಗಿಯಲು ಮೂರು ದಿನ ಯಾರೂ ತುಳಿಯಬಾರದು. ಗುರುಲಿಂಗಪ್ಪನವರಿಗೆ ಆ ಮನೆಯ ಮಂದಿಯ ಮೇಲೆ ನಂಬಿಕೆ ಬರಲಿಲ್ಲ. ಬಾಬುಮಿಯಾನನ್ನು ಊರಿಗೆ ಕಳಿಸಿ, ತಾವೇ ಅಂಗಳದಲ್ಲಿ ಹಗ್ಗದ ಹೊರಸು ಹಾಕಿಕೊಂಡು ಕಾವಲು ಕೂತರು. ಲಗ್ನ ನಿಶ್ಚಯವಾಗುವ ಮೊದಲೇ ಬೀಗರ ಮನೆಯಲ್ಲಿ ವಸ್ತಿ ಮಾಡಿದವರು ಜಿಲ್ಲೆಯಲ್ಲೇ ಇಲ್ಲ ಎಂದು ವಿಮಲಾಬಾಯಿ ನಾಚಿಕೊಂಡು ಅಡಿಗೆಮನೆ ಸೇರಿದರು. ಮೊದಲ ದಿನ ಜಗದೇವಪ್ಪನವರು ದೂರದಿಂದ ಚಹಾ ಕಳಿಸಿದರು. ಎರಡನೆಯ ದಿನ ತಾವೇ ತಂದರು. ಮೂರನೆಯ ದಿನ ಇಬ್ಬರೂ ಒಂದೇ ಹೊರಸಿನ ಮೇಲೆ ಕೂತು, ಕಲ್ಲಿನ ಕಡೆ ಬಂದ ಕೋಳಿಗಳನ್ನು ಬೈಯುತ್ತಿದ್ದರು.

ಸಂಜೆಗೆ ಗುರುಲಿಂಗಪ್ಪನವರು ಕಲ್ಲು ಬಡಿದು ನೋಡಿ, ಇನ್ನು ತುಳಿಯಬಹುದು ಅಂದರು. ಮಾಸ್ತರ ಕಾಲೆತ್ತಿದ.

"ತಡಿಯೋ," ಅಂದರು ಜಗದೇವಪ್ಪನವರು. ಬೀಗರ ಕಡೆ ತಿರುಗಿದರು. "ಮೊದಲ ಕಾಲು ನಿಮ್ಮ ಮೊಮ್ಮಗಳ ಕಡಿಂದನ ಇಡಸ್ರಿ."

ಅಲ್ಲಿಂದ ಲಗ್ನದವರೆಗೆ ಇಪ್ಪತ್ತಾರು ದಿನ ಆ ಮನೆಯವರೆಲ್ಲ ಹಿತ್ತಲ ಬಾಗಿಲಿನಿಂದಲೇ ಓಡಾಡಿದರು. ಟಪಾಲಿನವನೂ ಹಿತ್ತಲಲ್ಲಿ ಕಟ್ಟಿದ ಎಮ್ಮೆಗಳನ್ನು ದಾಟಿಯೇ ಕಾಗದ ಕೊಟ್ಟು ಹೋದ. ಅಮೃತಾ ಬಲಗಾಲಿಟ್ಟು ಮನೆ ತುಂಬಿದಾಗ ಕಲ್ಲಿನ ಮೇಲೆ ಸುಣ್ಣದ ಪುಡಿ ಇನ್ನೂ ಹಾಗೇ ಇತ್ತು; ಅವಳ ಹೆಜ್ಜೆ ಅದರಲ್ಲಿ ಐದೂ ಬೆರಳ ಸಮೇತ ಮೂಡಿತು.