ಬಸ್ಸಿನಲ್ಲಿ ಬಂದ ಹಣ್ಣಿನ ವಾಸನೆ

ವಿಚಿತ್ರ ಅನುಭವ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವಳು ನಾನು. ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದಿದ್ದೇನೆ. ದೆವ್ವ ಹಿಡಿದಿದೆ ಎಂದು ಕರೆತಂದವರಿಗೆಲ್ಲ ಜ್ವರವೋ ರಕ್ತಹೀನತೆಯೋ ಇದ್ದದ್ದನ್ನು ಕಂಡಿದ್ದೇನೆ. ದೆವ್ವ, ಪವಾಡ ಯಾವುದನ್ನೂ ಈಗಲೂ ನಂಬುವುದಿಲ್ಲ. ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ನನ್ನನ್ನು ಆ ಗುಂಪಿಗೆ ಸೇರಿಸಬೇಡಿ.

ಇನ್ನೊಂದು ವಿಷಯ. ಕೊರೋನಾ ಬಂದು ಹೋದ ಮೇಲೆ ನನ್ನ ಮೂಗು ಸತ್ತಿದೆ. ಒಗ್ಗರಣೆ ಸೀದರೂ ಫಿನಾಯಿಲ್ ಚೆಲ್ಲಿದರೂ ಗೊತ್ತಾಗುವುದಿಲ್ಲ.

ಅದಾಗಿ ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಧರ್ಮಪುರದಲ್ಲಿ ಹಿರಿಯೂರಿನ ಬಸ್ಸು ಹತ್ತಿದೆ. ಕುಳಿತು ಸ್ವಲ್ಪ ಹೊತ್ತಿಗೆ ಗಮ್ಮನೆ ಹಣ್ಣಿನ ವಾಸನೆ ಬಂತು. ಕಳಿತು ಕೆಡಲು ಬಂದ ಹಣ್ಣಿನದು. ಮೂಗು ಬಂತೆಂದು ಖುಷಿಯಲ್ಲಿ ಸೆರಗು ಮೂಸಿದೆ, ಚೀಲದಲ್ಲಿದ್ದ ನೀಲಗಿರಿ ಎಣ್ಣೆ ಮೂಸಿದೆ. ಏನೂ ಇಲ್ಲ. ಬರೀ ಹಣ್ಣು. ಎದ್ದು ಹುಡುಕಿದರೆ ಬಸ್ಸಿನಲ್ಲಿ ಯಾರ ಹತ್ತಿರವೂ ಹಣ್ಣಿರಲಿಲ್ಲ.

ಮುಂದಿನ ಸೀಟಿನಲ್ಲಿ ಹದಿನಾಲ್ಕರ ಹುಡುಗಿಯೊಬ್ಬಳು ತಾಯಿಯ ಭುಜಕ್ಕೆ ಒರಗಿದ್ದಳು. ತುಟಿ ಒಣಗಿತ್ತು. ಈಗಷ್ಟೇ ಓಡಿ ಬಂದವಳಂತೆ ಆಳವಾಗಿ, ಬಿಡುವಿಲ್ಲದೆ ಉಸಿರೆಳೆಯುತ್ತಿದ್ದಳು. ಬಗ್ಗಿದೆ. ವಾಸನೆ ಅವಳ ಬಾಯಿಯಿಂದಲೇ ಬರುತ್ತಿತ್ತು.

"ಏನಾಗೈತವ್ವ ಇವಳಿಗೆ?" ಎಂದೆ.

"ಹಸಿ ಶೇಂಗಾ ತಿಂದು ಪಿತ್ತ ಆಗೈತೆ ಅಕ್ಕ," ಎಂದಳು ತಾಯಿ. "ಎರಡು ದಿನದಿಂದ ವಾಂತಿ. ಬೆಲ್ಲದ ನೀರು ಕುಡಿಸ್ತಾನೇ ಇದೀನಿ, ನಿಲ್ತಿಲ್ಲ. ಮುಂದಿನ ಊರಾಗೆ ಇಳ್ದು ದಾರ ಕಟ್ಟಿಸ್ತೀನಿ."

ಶೇಂಗಾ ತಿಂದವರ ಬಾಯಿಗೆ ಬೆಲ್ಲ ಹಾಕುವುದು ನಮ್ಮ ಕಡೆಯ ರೂಢಿ. ನನ್ನ ತಾಯಿಯೂ ಹಾಕುತ್ತಿದ್ದಳು. ಬಾಯಾರಿಕೆ ಇದೆಯೇ ಎಂದು ಕೇಳಿದೆ. ಹದಿನೈದು ದಿನದಿಂದ ಚೊಂಬುಗಟ್ಟಲೆ ನೀರು ಕುಡಿಯುತ್ತಾಳೆ, ಮತ್ತೆ ಮತ್ತೆ ಮೂತ್ರಕ್ಕೆ ಏಳುತ್ತಾಳೆ, ಬಟ್ಟೆಯೆಲ್ಲ ಸಡಿಲವಾಗಿವೆ ಎಂದಳು. ಇದು ಪಿತ್ತವಲ್ಲ, ಸಕ್ಕರೆ ಕಾಯಿಲೆ ಅನ್ನಿಸಿತು. ನನ್ನ ಸಕ್ಕರೆ ನೋಡಿಕೊಳ್ಳುವ ಮಿಷನ್ ಚೀಲದಲ್ಲಿತ್ತು. ಬೆಲ್ಲ ಅಂಟಿದ ಹುಡುಗಿಯ ಬೆರಳನ್ನು ತೊಳೆದು ಒರೆಸಿ ಹೊಸ ಸೂಜಿ ಚುಚ್ಚಿದೆ. ಅಂಕಿಯೇ ಬರಲಿಲ್ಲ, ಅಳತೆ ಮೀರಿದೆ ಎಂದು ತೋರಿಸಿತು.

"ನೀವು ಇಳಿಯಂಗಿಲ್ಲ," ಎಂದೆ.

"ದಾರ ಬ್ಯಾಡ ಅನ್ನಾಕೆ ನೀವ್ಯಾರು?"

"ನನ್ನನ್ನ ನಾಳೆ ಬೈಯುವಿಯಂತೆ ಬಿಡು. ಇವತ್ತು ಆಸ್ಪತ್ರೆಗೆ ಹೋಗದಿದ್ರೆ ಮಗಳು ಉಳಿಯಲ್ಲ."

ಆ ಊರು ಬಂದಾಗ ಬಾಗಿಲಿಗೆ ಅಡ್ಡ ನಿಂತೆ. ಕಂಡಕ್ಟರ್ ನನ್ನ ಮುಖ ನೋಡಿ ಡ್ರೈವರಿಗೆ ಕೂಗಿದ: "ನಡಿಯಣ್ಣ, ಸೀದಾ ಆಸ್ಪತ್ರೆಗೇ ಹೋಗಾಣ."

ಆಸ್ಪತ್ರೆಯಲ್ಲಿ ಪರೀಕ್ಷಿಸಿದರೆ ಮೂತ್ರದಲ್ಲಿ ಕೀಟೋನ್ ಇತ್ತು, ರಕ್ತ ಆಮ್ಲವಾಗಿತ್ತು. ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನೇ ಉರಿಸಿಕೊಂಡಾಗ ಹೀಗಾಗುತ್ತದೆ, ಉಸಿರಿಗೆ ಹಣ್ಣಿನ ವಾಸನೆ ಬರುತ್ತದೆ. ಆ ಉಸಿರಾಟ ನೋಡಿದ ಯಾವ ನರ್ಸ್ ಆದರೂ ಹಿಡಿಯುತ್ತಿದ್ದಳು ಎಂದು ನೀವು ವಾದಿಸಬಹುದು. ನಾನೂ ವಾದಿಸಿದ್ದೇನೆ. ಆದರೆ ವಾಸನೆ ಬರದಿದ್ದರೆ ನಾನು ಆ ಸೀಟಿನತ್ತ ನೋಡುತ್ತಲೇ ಇರಲಿಲ್ಲ.

ಹುಡುಗಿ ಉಳಿದಳು. ನನ್ನ ಮೂಗಿಗೆ ಬಂದಿದ್ದ ಆ ಒಂದು ವಾಸನೆಯೂ ಅಂದು ಸಂಜೆಗೇ ಹೋಗಿತ್ತು. "ದೇವ್ರೇ ನಿಮಗೆ ಮೂಗು ಕೊಟ್ಟ ಅಕ್ಕ," ಎಂದು ತಾಯಿ ಕೈಮುಗಿದಳು.

"ಕೊಟ್ಟೋನು ಸಂಜೆಗೇ ಯಾಕೆ ಕಿತ್ಕಂಡ, ಕೇಳು," ಎಂದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಹುಡುಗಿ ಈಗ ನನ್ನ ಮನೆಗೆ ಬಂದಾಗಲೆಲ್ಲ ಮುಖಕ್ಕೆ ಉಸಿರು ಬಿಟ್ಟು "ಬರ್ತೈತಾ?" ಎಂದು ನಗುತ್ತಾಳೆ. ಏನೂ ಬರುವುದಿಲ್ಲ. ಅವಳು ಸರಿಯಿದ್ದಾಳೆಂದೋ, ನನ್ನ ಮೂಗು ಸತ್ತಿದೆಯೆಂದೋ, ನನಗೆ ತಿಳಿಯದು. "ನಗೋದು ಆಮೇಲೆ, ಬೆರಳು ಚಾಚೇ," ಎಂದು ಮಿಷನ್ ತೆಗೆಯುತ್ತೇನೆ.